ಕ್ರಿಕೆಟ್ಟಿನ ಲೆಕ್ಕಪಟ್ಟಿಯಲ್ಲಿ ಕೀರ್ತಿವಿಭಾಗ

ಕನ್ನಡ ಶಾಸನಗಳಲ್ಲಿ ಹಲವೆಡೆ ಪದ್ಯವನ್ನು ರಚಿಸಿದ ಕವಿಯ ಹೆಸರೂ ಅದನ್ನು ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಬೇರೆಬೇರೆಯಾಗಿ ದೊರೆಯುವುವು. ಒಂದು ಕಾರ್ಯದಲ್ಲಿ ಇಬ್ಬರ ಪಾಲಿದ್ದರೆ ಇಬ್ಬರನ್ನೂ ಹೆಸರಿಸುವುದು ನ್ಯಾಯವೇ ಸರಿ. ಆದರೆ ಯಾರ ಪಾಲು ಎಷ್ಟೆಂಬುದು ಹೆಸರಿನಿಂದ ತಿಳಿಯದು. ಕ್ರಿಕೆಟ್ಟಿನ ಲೆಕ್ಕಪಟ್ಟಿಯನ್ನು ಓದುವವರಿಗೂ ಈ ತೊಡಕೇ ಎದುರಾಗುವುದು.

ಪಟ್ಟಿಯ ಕಟ್ಟಳೆ ಸರಳವಾದುದು. ಚೆಂಡು ಸ್ಟಂಪಿಗೆ ತಗಲಿದರೂ ಎಲ್‌ಬಿಡಬ್ಲ್ಯು ಆದರೂ ವಿಕೆಟ್ಟು ಬೌಲರೊಬ್ಬನದೇ. ಕ್ಯಾಚು, ಸ್ಟಂಪಿಂಗುಗಳಲ್ಲಿ ಇಬ್ಬರ ಹೆಸರೂ ಬರುವುದಾದರೂ ವಿಕೆಟ್ಟು ಇಡಿಯಾಗಿ ಬೌಲರ ಖಾತೆಗೆ ಸೇರುವುದು. ರನ್ನೌಟಿನಲ್ಲಿ ಬೌಲರಿಗೆ ಏನೂ ಇಲ್ಲ. ಕೈಬಿಟ್ಟ ಕ್ಯಾಚಿಗಂತೂ ಪಟ್ಟಿಯಲ್ಲಿ ಸ್ಥಾನವೇ ಇಲ್ಲ.

1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ವಿರುದ್ಧ 74 ರನ್ನುಗಳಿಗೆ 10 ವಿಕೆಟ್ಟುಗಳನ್ನು ಪಡೆದರು. ಇವುಗಳಲ್ಲಿ ಬೌಲ್ಡ್ ಆದುವು 2, ಎಲ್‌ಬಿಡಬ್ಲ್ಯು 3, ಕ್ಯಾಚು 5. ಆ ಐದರಲ್ಲಿ ಲಕ್ಷ್ಮಣರು ಎರಡನ್ನೂ ಮೋಂಗಿಯಾ, ಗಂಗೂಲಿ, ದ್ರಾವಿಡರು ಒಂದೊಂದನ್ನೂ ಹಿಡಿದರು. ಹತ್ತೂ ಕುಂಬ್ಳೆಯವರವೆಂಬುದು ಸತ್ಯ. ಅರ್ಧದಷ್ಟು ಅನ್ಯರ ಕೈಯಿಲ್ಲದೆ ಪೂರ್ಣವಾಗುತ್ತಿರಲಿಲ್ಲವೆಂಬುದೂ ಅಷ್ಟೇ ಸತ್ಯ. ಟೆಸ್ಟ್ ಪಂದ್ಯಗಳಲ್ಲಿ ಕುಂಬ್ಳೆಯವರ ವಿಕೆಟ್ಟುಗಳು ಒಟ್ಟು 619, ದ್ರಾವಿಡರ ಕ್ಯಾಚುಗಳು 210. ಕುಂಬ್ಳೆಯವರ ಎಸೆತದಲ್ಲಿ ದ್ರಾವಿಡರು ಹಿಡಿದ ಕ್ಯಾಚುಗಳು 55. ಇವು ಹಿಡಿದವರ ಖಾತೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು, ಎಸೆದವರ ಖಾತೆಯಲ್ಲಿ ಹನ್ನೊಂದರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಎರಡು ಖಾತೆಗಳನ್ನೂ ಕೂಡಿಸಿದರೆ 55 ಔಟುಗಳು 110 ಆಗಿಬಿಡುವುವು. ದೋಷವು ಆಟಗಾರರದಲ್ಲ, ಕೂಡಿಸುವ ಕ್ರಮದ್ದು.

ಪಟ್ಟಿಯ ಮೌನಕ್ಕೆ 1971ರ ಆಗಸ್ಟಿನ ಓವಲ್ ಪಂದ್ಯವು ಒಳ್ಳೆಯ ನಿದರ್ಶನ. ಅಲ್ಲಿ ಮೈಸೂರಿನ ಬಿ. ಎಸ್. ಚಂದ್ರಶೇಖರರು 38 ರನ್ನುಗಳಿಗೆ 6 ವಿಕೆಟ್ಟುಗಳನ್ನು ಪಡೆದು ಇಂಗ್ಲೆಂಡನ್ನು 101ಕ್ಕೆ ಇಳಿಸಿದರು. ಲಕ್‌ಹರ್ಸ್ಟರು ನೇರವಾಗಿ ಹೊಡೆದ ಚೆಂಡು ಚಂದ್ರಶೇಖರರ ಕೈಗೆ ತಗಲಿ ಎದುರು ಸ್ಟಂಪಿಗೆ ಬಡಿಯಲು, ಜೇಮ್‌ಸನ್ನರು ರನ್ನೌಟಾದರು. ಕೈ ಬೌಲರದೇ ಆದರೂ ಆ ಔಟು ಆರರೊಳಗೆ ಸೇರಲಿಲ್ಲ. ಡಿ ಒಲಿವೆರಾರ ಕ್ಯಾಚನ್ನು ಹಿಡಿದವರು ಬದಲಿ ಆಟಗಾರರಾದ ಜಯಂತಿಲಾಲರು. ಪಟ್ಟಿಯಲ್ಲಿ ಅವರಿಗೆ ‘ಬದಲಿ’ ಎಂಬ ಗುರುತು ಬಿದ್ದಿತು.

ಈ ವಿಚಾರವು ಆಳವಾಗಿ ಚರ್ಚೆಗೆ ಬಂದುದು ಅಮೆರಿಕದ ಬೇಸ್‌ಬಾಲ್ ಆಟದಲ್ಲಿ. ಅಲ್ಲಿಯ ಲೆಕ್ಕಪಟ್ಟಿಯನ್ನು ರೂಢಿಗೆ ತಂದವರಲ್ಲಿ ಪ್ರಮುಖರಾದ ಹೆನ್ರಿ ಚಾಡ್ವಿಕ್ಕರು ಹುಟ್ಟಿನಿಂದ ಇಂಗ್ಲೆಂಡಿನವರು, ಕ್ರಿಕೆಟ್ಟಿನ ವರದಿಗಾರರೂ ಆಗಿದ್ದವರು. ಬೇಸ್‌ಬಾಲಿನಲ್ಲಿ ಕ್ಷೇತ್ರರಕ್ಷಕನ ತಪ್ಪಿಗೂ ಒಂದು ಅಂಕಣವುಂಟು. ಆದರೂ ಚೆಂಡಿನ ಬಳಿಗೆ ಓಡಿಹೋಗಿ ಕೈತಪ್ಪಿಸಿದವನಿಗೆ ತಪ್ಪು ಬೀಳುವುದು. ಓಡಲಾರದೆ ದೂರದಲ್ಲೇ ಉಳಿದವನು ನಿರ್ದೋಷಿಯಾಗಿ ತೋರುವನು. 2001ರಲ್ಲಿ ವೋರೋಸ್ ಮೆಕ್ರಾಕೆನ್ನರು ಹೊಸ ವಾದವೊಂದನ್ನು ಮುಂದಿಟ್ಟರು: ದಾಂಡಿಗನು ಹೊಡೆಯಲಾರದೆ ಔಟಾಗುವುದು, ತಪ್ಪೆಸೆತಗಳಿಂದ ಸುಮ್ಮನೆ ಮೊದಲ ನೆಲೆ ಸೇರುವುದು, ಚೆಂಡು ಬೇಲಿ ದಾಟುವುದು, ಇವು ಮೂರೂ ಮುಖ್ಯವಾಗಿ ಎಸೆಯುವವನ ಹೊಣೆ, ಮೈದಾನದೊಳಗೆ ಬಿದ್ದ ಚೆಂಡಿನ ಗತಿಯ ಮೇಲೆ ಅವನ ಹಿಡಿತ ಅತ್ಯಲ್ಪ. ಅನಂತರದ ಸಂಶೋಧಕರು ಈ ಮಾತನ್ನು ಸ್ವಲ್ಪ ಸಡಿಲಿಸಿದರಾದರೂ ಅದರ ತಿರುಳನ್ನು ಉಳಿಸಿಕೊಂಡರು. 2002ರಲ್ಲಿ ಬಿಲ್ ಜೇಮ್ಸರು ತಂಡದ ಗೆಲುವನ್ನೇ ಮೂಲಧನವಾಗಿಟ್ಟು ಆಟಗಾರರಿಗೆ ಪಾಲು ಹಂಚಿದರು; ಪಾಲುಗಳ ಮೊತ್ತ ಮೂಲಧನವನ್ನು ಮೀರದಂತಿರುವುದೇ ಆ ಕ್ರಮದ ಗುಣ.

ಇದರಿಂದ ಕ್ರಿಕೆಟ್ಟಿಗೂ ಒಂದು ನಿಯಮ ದೊರೆಯುವುದು. ಔಟುಗಳನ್ನು ಬೌಲರೊಬ್ಬನವು, ಇಬ್ಬರಿಗೂ ಸೇರಿದವು, ಕ್ಷೇತ್ರರಕ್ಷಕರವು ಎಂದು ಮೂರಾಗಿ ವಿಂಗಡಿಸಬೇಕು, ಇಬ್ಬರಿಗೂ ಸೇರಿದುದನ್ನು ಎರಡು ಸಲ ಎಣಿಸಬಾರದು, ಕೈತಪ್ಪಿದುದನ್ನೂ ಬರೆದಿಡಬೇಕು. ಇದಕ್ಕೆ ದೊಡ್ಡ ಮೈದಾನಗಳೇ ಬೇಕೆಂದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಶಾಲೆಗಳಲ್ಲಿಯೂ ಪಂದ್ಯದ ಪುಸ್ತಕಕ್ಕೆ ಒಂದು ಅಂಕಣವನ್ನು ಹೆಚ್ಚಿಸಿಕೊಂಡರೆ ಸಾಕು. ಬಿಸಿಲಲ್ಲಿ ದಿನವೆಲ್ಲ ನಿಂತು ಚೆಂಡನ್ನು ಕಾಯುವ ಹುಡುಗನ ಶ್ರಮಕ್ಕೆ ಆಗ ಬರೆಹದ ಸಾಕ್ಷಿಯಾದರೂ ಉಳಿಯುವುದು.