ಒಂದೇ ಕಾವೇರಿ, ಎರಡು ಶ್ರೀರಂಗ

ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯು ಪೂರ್ವಸಮುದ್ರವನ್ನು ಸೇರುವುದರೊಳಗಾಗಿ ಮೂರು ಹೆಸರಾಂತ ನಡುಗಡ್ಡೆಗಳನ್ನು ಬಳಸಿ ಹರಿಯುತ್ತದೆ. ಮೇಲಿನದು ಶ್ರೀರಂಗಪಟ್ಟಣ, ನಡುವಣದು ಶಿವನಸಮುದ್ರ, ಕೆಳಗಿನದು ತಿರುಚಿರಾಪಳ್ಳಿಯ ಬಳಿಯ ಶ್ರೀರಂಗ. ಮೂರರಲ್ಲಿಯೂ ರಂಗನಾಥನ ಸನ್ನಿಧಿಯುಂಟು. ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ಕರೆದ ನಮ್ಮ ಹಿರಿಯರು ಗೊಂದಲಕ್ಕೆ ಎಡೆಗೊಡಲಿಲ್ಲ. ತೊಡಕು ಬಂದುದು ಭೂಪಟಗಳಿಂದ.

ಹದಿನೆಂಟನೆಯ ಶತಮಾನದ ಇಂಗ್ಲಿಷರು ಈ ಹೆಸರುಗಳನ್ನು ತಮ್ಮ ಕಿವಿಗೆ ಕೇಳಿಸಿದಂತೆ ಬರೆದುಕೊಂಡರು. ಶ್ರೀರಂಗಪಟ್ಟಣವು ‘ಸೆರಿಂಗಪಟಮ್’ ಆಯಿತು. ಶ್ರೀರಂಗವು ‘ಸೆರಿಂಗಮ್’ ಆಯಿತು. ನದಿ ಒಂದೇ, ಎರಡೂ ನಡುಗಡ್ಡೆಗಳೇ, ಎರಡರಲ್ಲಿಯೂ ದೇವರು ರಂಗನಾಥನೇ. ಹೆಸರಿನ ಬಾಲವೊಂದೇ ಬೇರೆ. ಓದುಗನ ಕಣ್ಣು ತಪ್ಪುವುದರಲ್ಲಿ ಆಶ್ಚರ್ಯವೇನು?

ಹೆಸರಿನ ಬೇರನ್ನು ನೋಡಿದರೆ ಸ್ವಾರಸ್ಯವಿದೆ. ಶ್ರೀರಂಗದ ಹಳೆಯ ತಮಿಳು ಹೆಸರು ತಿರುವರಂಗಂ. ತಮಿಳಿನಲ್ಲಿ ‘ಅರಂಗಂ’ ಎಂದರೆ ರಂಗಮಂಟಪವೂ ಹೌದು, ಹೊಳೆಯ ನಡುವಣ ಕುದುರೂ ಹೌದು. ಹೊಳೆ ಕವಲೊಡೆದು ಕೂಡುವೆಡೆಯಲ್ಲೆಲ್ಲ ರಂಗನ ಹೆಸರು ನಿಂತುದು ಈ ಅರ್ಥಕ್ಕೆ ಒಪ್ಪುವಂತಿದೆ.

ಹೆಸರು ತಪ್ಪಿದರೆ ಕೆಡುವುದು ಭೂಗೋಳ ಮಾತ್ರವಲ್ಲ, ಇತಿಹಾಸವೂ ಕೂಡ. 1752ರಲ್ಲಿ ಕಳಲೆಯ ನಂಜರಾಜಯ್ಯನು ಮೈಸೂರಿನ ದಂಡನ್ನು ತಿರುಚಿರಾಪಳ್ಳಿಗೆ ಕೊಂಡೊಯ್ದನು. ಕನ್ನಡದಲ್ಲಿ ಗ್ರಂಥಗಳನ್ನು ರಚಿಸಿದ ನಂಜರಾಜನೇ ಈತ. ನೆರವಿಗೆ ಪ್ರತಿಯಾಗಿ ತಿರುಚಿರಾಪಳ್ಳಿಯನ್ನೇ ಕೊಡುವೆನೆಂದು ಮಹಮ್ಮದಾಲಿಯು ಮಾತು ಕೊಟ್ಟಿದ್ದನು. ಆ ವರ್ಷದ ಜೂನ್ ತಿಂಗಳಿನಲ್ಲಿ ಫ್ರೆಂಚರ ಪಡೆ ಶ್ರೀರಂಗದಲ್ಲಿ ಶರಣಾಯಿತು. ಆದರೆ ಕೊಟ್ಟ ಮಾತು ನಡೆಯಲಿಲ್ಲ. ಮೈಸೂರಿನವರು ಇಂಗ್ಲಿಷರ ಪಕ್ಷವನ್ನು ಬಿಟ್ಟು ಫ್ರೆಂಚರನ್ನು ಕೂಡಿಕೊಂಡು, ಶ್ರೀರಂಗದಲ್ಲಿ ಬೀಡುಬಿಟ್ಟು, 1755ರಲ್ಲಿ ಬರಿಗೈಯಲ್ಲಿ ಹಿಂದಿರುಗಿದರು.

‘ಮೈಸೂರಿನ ಸೈನ್ಯ ಸೆರಿಂಗಮಿನಲ್ಲಿತ್ತು’ ಎಂಬ ವಾಕ್ಯವನ್ನೋದಿ ಅದು ರಾಜಧಾನಿಯಾದ ಶ್ರೀರಂಗಪಟ್ಟಣವೆಂದು ತಿಳಿದರೆ, ದಂಡು ಮನೆಯಲ್ಲಿಯೇ ಕುಳಿತಿತ್ತೆಂಬ ಅರ್ಥ ಬರುತ್ತದೆ. ಪರನಾಡಿನಲ್ಲಿ ಮೂರು ವರ್ಷ ಹಣ ಸುರಿದ ಕಥೆಯೇ ಮಾಯವಾಗುತ್ತದೆ. ಆ ವೆಚ್ಚದಿಂದ ಬೊಕ್ಕಸ ಬರಿದಾಯಿತು. ಸಂಬಳ ಕಾಣದ ಸೈನಿಕರು ಸಿಡಿದೆದ್ದರು. ಅದೇ ದಂಡಿನಲ್ಲಿದ್ದ ಹೈದರಾಲಿಯ ಏಳಿಗೆಗೆ ದಾರಿಯಾಯಿತು. ಒಂದು ಹೆಸರನ್ನು ತಪ್ಪಾಗಿ ಓದಿದರೆ ಇಷ್ಟೆಲ್ಲ ಕಾರಣಗಳ ಕೊಂಡಿ ಕಳಚುತ್ತದೆ.

ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವೇನಲ್ಲ. ಮೊದಲು ಕವಲನ್ನು ನೋಡಿರಿ. ಶ್ರೀರಂಗವು ಕಾವೇರಿಯ ಮುಖಜಭೂಮಿಯ ತಲೆಬಾಗಿಲು. ಅಲ್ಲಿ ಉತ್ತರದ ಕವಲಿಗೆ ಕೊಳ್ಳಿಡಂ ಎಂಬ ಬೇರೆಯ ಹೆಸರೇ ಉಂಟು. ಹಳೆಯ ಪಟಗಳಲ್ಲಿ ಅದು ‘ಕೋಲರೂನ್’. ಶ್ರೀರಂಗಪಟ್ಟಣದಲ್ಲಿ ಎರಡು ಕವಲೂ ಕಾವೇರಿಯೇ, ಬೇಗನೆ ಕೂಡಿಕೊಳ್ಳುತ್ತವೆ. ಎರಡನೆಯದು ಅಳತೆ. ನಮ್ಮ ನಡುಗಡ್ಡೆಯ ಉದ್ದ ಸುಮಾರು 5 ಕಿಲೋಮೀಟರ್. ಶ್ರೀರಂಗದ್ದು 25 ಕಿಲೋಮೀಟರಿಗೂ ಮಿಗಿಲು. ಮೂರನೆಯದು ಅಕ್ಷಾಂಶ. ಶ್ರೀರಂಗಪಟ್ಟಣ 12 ಡಿಗ್ರಿಗಿಂತ ಮೇಲೆ, ಶ್ರೀರಂಗ 11ಕ್ಕಿಂತ ಕೆಳಗೆ. ನೇರವಾಗಿ ಅಳೆದರೂ ನಡುವಣ ದೂರ 250 ಕಿಲೋಮೀಟರನ್ನು ಮೀರುತ್ತದೆ.

ಇಂದು ಕೈಯಲ್ಲಿರುವ ಫೋನಿನ ಭೂಪಟದಲ್ಲಿ ‘ರಂಗನಾಥಸ್ವಾಮಿ ದೇವಾಲಯ’ ಎಂದಷ್ಟೇ ಹುಡುಕಿದರೂ ಅದೇ ತೊಡಕು. ಒಂದು ಮಂಡ್ಯ ಜಿಲ್ಲೆಯದು, ಇನ್ನೊಂದು ತಮಿಳುನಾಡಿನದು. ಯಂತ್ರ ಹೊಸದಾದರೂ ಉಪಾಯ ಹಳೆಯದೇ: ಊರಿನ ಹೆಸರಿನೊಡನೆ ಜಿಲ್ಲೆಯನ್ನೂ ಓದಬೇಕು, ನಡುಗಡ್ಡೆಯ ಹೆಸರಿನೊಡನೆ ಹೊಳೆಯ ಕವಲನ್ನೂ ನೋಡಬೇಕು. ಮಕ್ಕಳಿಗೆ ಇತಿಹಾಸ ಓದಿಸುವಾಗ ಪಕ್ಕದಲ್ಲಿ ಒಂದು ಭೂಪಟವನ್ನು ಬಿಡಿಸಿಟ್ಟುಕೊಂಡರೆ ಅರ್ಧ ಸಂದೇಹ ಅಲ್ಲಿಯೇ ತೀರುತ್ತದೆ.