ಇದು ಯಾವ ವರ್ಷದ ಹಂಪಿ ಬೀದಿ?

ಪುಣೆಯ ವಿಮಾನ ನಗರದಲ್ಲಿ ಕೆಲಸ ಅಂದರೆ ಊರಿನವರು ಮೊದಲು ಕೇಳುವುದು ‘ಐಟಿಯಾ?’ ಅಂತ. ಅರ್ಧ ಹೌದು. ನಾವು ದಿನವಿಡೀ ಕಂಪ್ಯೂಟರ್ ಮುಂದೆಯೇ ಕೂರುತ್ತೇವೆ, ಆದರೆ ಕೋಡ್ ಬರೆಯುವುದಿಲ್ಲ. ಇನ್ನೂ ಕಟ್ಟದ ಕಟ್ಟಡ, ಇನ್ನೂ ಹಾಕದ ರಸ್ತೆ, ಸಿನಿಮಾಕ್ಕೆ ಬೇಕಾದ ಹಳೇ ಪೇಟೆ, ಇವನ್ನು ತೆರೆಯ ಮೇಲೆ ಕಟ್ಟಿ, ಬೆಳಕು ಬಿಟ್ಟು, ಫೋಟೊದಂತೆ ತೆಗೆದುಕೊಡುತ್ತೇವೆ. ನಮ್ಮ ಕಸುಬಿನಲ್ಲಿ ಇದಕ್ಕೆ ರೆಂಡರ್ ಎನ್ನುತ್ತಾರೆ. ನಗರ್ ರೋಡಿನ ಉದ್ದಕ್ಕೂ ಬಿಲ್ಡರುಗಳ ಹೋರ್ಡಿಂಗುಗಳಲ್ಲಿ ಕಾಣುವ ಹಸಿರು ಹುಲ್ಲು, ನೀಲಿ ಈಜುಕೊಳಗಳೆಲ್ಲ ಹುಟ್ಟುವುದು ಇಂಥ ಸ್ಟುಡಿಯೋಗಳಲ್ಲೇ.

ನಮ್ಮಲ್ಲಿ ಶುಕ್ರವಾರ ಸಂಜೆ ರಿವ್ಯೂ. ಹೊಸಬರು ತಮ್ಮ ಕೆಲಸವನ್ನು ದೊಡ್ಡ ಪರದೆಗೆ ಹಾಕುತ್ತಾರೆ, ಉಳಿದವರು ತಪ್ಪು ಹುಡುಕುತ್ತಾರೆ. ಮೂರು ತಿಂಗಳ ಟ್ರೇನಿಂಗ್ ಮುಗಿಸಿ ಕಾಯಂ ಆಗಬೇಕಾದರೆ ಸ್ವಂತದ್ದೊಂದು ದೃಶ್ಯ ಮಾಡಿ ತೋರಿಸಬೇಕು. ಕಳೆದ ಬ್ಯಾಚಿನಲ್ಲಿ ಬಾಗಲಕೋಟೆಯ ಹುಡುಗಿಯೊಬ್ಬಳು ಆಯ್ದುಕೊಂಡದ್ದು ಹಂಪಿಯ ವಿರೂಪಾಕ್ಷ ಬಜಾರನ್ನು. ನಾನು ಹೊಸಪೇಟೆಯವನು. ಆ ಬೀದಿಯನ್ನು ಪುಣೆಯ ಪರದೆಯ ಮೇಲೆ ನೋಡಿ ಖುಷಿಯಾಯಿತು. ಆದರೆ ಎರಡು ನಿಮಿಷ ನೋಡಿದ ಮೇಲೆ ಅದು ಹಂಪಿ ಅನ್ನಿಸಲಿಲ್ಲ.

“ಸರ, ಎಲ್ಲಾ ಫೋರ್ ಕೆ ಟೆಕ್ಸ್ಚರ್ ಹಾಕೀನ್ರಿ. ಆದ್ರೂ ಪ್ಲಾಸ್ಟಿಕ್ ಗತೆ ಯಾಕ ಕಾಣ್ತದ್ರಿ?” ಎಂದು ಅವಳೇ ಕೇಳಿದಳು. ಒಳ್ಳೆಯ ಪ್ರಶ್ನೆ. ಹೊರಗಿನವರಿಗೆ ‘ಚೆನ್ನಾಗಿದೆ’ ಅಥವಾ ‘ಏನೋ ಸರಿಯಿಲ್ಲ’ ಅಂದರೆ ಸಾಕು. ನಾವು ಆ ‘ಏನೋ’ ಏನು ಅಂತ ಬಿಡಿಸಿ ಹೇಳಬೇಕು.

ಕಲ್ಲಿಗೂ ವಯಸ್ಸಿದೆ

ಮೊದಲು ಟೆಕ್ಸ್ಚರಿಂಗ್, ಅಂದರೆ ಖಾಲಿ ಆಕಾರಕ್ಕೆ ಕಲ್ಲು, ಮರ, ಸುಣ್ಣದ ಮೈ ಕೊಡುವ ಕೆಲಸ. ಅವಳ ಮಂಟಪದ ಕಂಬಗಳೆಲ್ಲ ಒಂದೇ ಬೂದುಬಣ್ಣ, ಒಂದೇ ಒರಟು. ಹತ್ತು ಕಂಬ ದಾಟುವಷ್ಟರಲ್ಲಿ ಅದೇ ಕಲೆ ಅದೇ ಜಾಗದಲ್ಲಿ ಮತ್ತೆ ಕಾಣಿಸಿತು. ಅವಳು ಬಳಸಿದ್ದು ಯಾವುದೋ ಲೈಬ್ರರಿಯ ಕಲ್ಲು. ನಾವೆಲ್ಲ ಬಳಸುವ ಕ್ವಿಕ್ಸೆಲ್ ಸ್ವೀಡನ್ನಿನಲ್ಲಿ ಹುಟ್ಟಿದ ಸಂಸ್ಥೆ, ಪಾಲಿ ಹೇವನ್ ದಕ್ಷಿಣ ಆಫ್ರಿಕಾದಲ್ಲಿ ನೆಲೆಯಿರುವಂಥದ್ದು. ಎರಡೂ ದೊಡ್ಡ ಉಪಕಾರ ಮಾಡಿವೆ, ಸುಳ್ಳಲ್ಲ. ಆದರೆ ತುಂಗಭದ್ರೆಯ ದಂಡೆಯ ಗ್ರಾನೈಟ್, ಬಿಸಿಲಿಗೆ ನಸುಗೆಂಪು ತಿರುಗುವ ಆ ದಪ್ಪ ಹರಳಿನ ಕಲ್ಲು, ಅಲ್ಲಿ ಸಿಗುವುದು ಕಷ್ಟ.

ಬಣ್ಣಕ್ಕಿಂತ ಮುಖ್ಯವಾದುದು ಸವೆತ. ಜನ ಒರಗಿ ಕೂರುವ ಕಂಬ ಬೆನ್ನಿನ ಎತ್ತರದವರೆಗೆ ನುಣುಪಾಗುತ್ತದೆ, ಎಣ್ಣೆಗೈ ತಾಗಿ ಕಪ್ಪಾಗುತ್ತದೆ, ಅದರ ಮೇಲಕ್ಕೆ ಒರಟಾಗಿಯೇ ಉಳಿಯುತ್ತದೆ. ತಂತ್ರಾಂಶದಲ್ಲಿ ಇದಕ್ಕೆ ರಫ್‌ನೆಸ್ ಮ್ಯಾಪ್ ಎಂಬ ಬೇರೆಯೇ ಚಿತ್ರವಿದೆ. ಯಾವ ಜಾಗ ಹೊಳೆಯಬೇಕು, ಯಾವುದು ಮಂಕಾಗಿರಬೇಕು ಎನ್ನುವುದನ್ನು ಅದು ಹೇಳುತ್ತದೆ. ಪ್ಲಾಸ್ಟಿಕ್‌ನಂತೆ ಕಾಣುವುದಕ್ಕೆ ಕಾರಣ ರೆಸಲ್ಯೂಶನ್ ಕಡಿಮೆಯಾದದ್ದಲ್ಲ, ಎಲ್ಲ ಕಡೆ ಒಂದೇ ಹೊಳಪು ಇದ್ದದ್ದು. ಗೋಪುರದಲ್ಲೂ ಹಾಗೆಯೇ. ಅದರ ಬುಡ ಕಲ್ಲಿನದು, ಮೇಲಿನ ಅಂತಸ್ತುಗಳು ಇಟ್ಟಿಗೆ-ಗಾರೆಯವು. ಅವಳು ಎರಡಕ್ಕೂ ಒಂದೇ ಕಲ್ಲನ್ನು ಮೆತ್ತಿದ್ದಳು.

ಆಗ ನಾನು ಕೇಳಿದೆ: “ಇದು ಯಾವ ವರ್ಷದ ಬೀದಿ ಮಾರಾಯ್ತಿ?” ಚಿತ್ರದಲ್ಲಿ ಕುದುರೆಗಳಿದ್ದವು, ಪಲ್ಲಕ್ಕಿಯಿತ್ತು. ಆದರೆ ಮಂಟಪಗಳು ಇವತ್ತಿನ ಹಾಗೆ ಮುರಿದಿದ್ದವು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ವಿಜಯನಗರದಲ್ಲಿ ಕಂಡದ್ದು ಅಗಲವಾದ ಬೀದಿ, ಅಂದವಾದ ಮನೆಗಳು, ಮುತ್ತು-ರತ್ನ ಮಾರುವ ವ್ಯಾಪಾರಿಗಳು. ಪಾಯಿಸ್ ಕಂಡ ಊರನ್ನು ತೋರಿಸುವುದಾದರೆ ಕಲ್ಲು ಹೊಸದಾಗಿರಬೇಕು, ಮುರಿದ ಕಂಬ ಇರಬಾರದು. ಮುರಿದ ಕಂಬವೇ ಬೇಕಾದರೆ 1565ರ ನಂತರಕ್ಕೆ ಬರಬೇಕು, ಆಗ ಈ ಮೆರವಣಿಗೆ ಇರಬಾರದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಸಣ್ಣಾಕಿದ್ದಾಗ ಅವ್ವನ ಜೋಡಿ ತೇರಿಗೆ ಹೋಗಿದ್ನಿ ಸರ. ಅದನ್ನ ಮಾಡ್ಲೇನ್ರಿ?” ಅಂದಳು. ಲೆಕ್ಕ ಹಾಕಿದಾಗ ಅದು 2010 ಎಂದಾಯಿತು.

ಸೂರ್ಯ ಎಲ್ಲಿದ್ದಾನೆ?

ಎರಡನೇ ಸುತ್ತು ಬೆಳಕಿನದು. ಅವಳ ಚಿತ್ರದಲ್ಲಿ ಸಂಜೆಯ ಹೊಂಬಿಸಿಲು ಗೋಪುರದ ಎದುರಿಗೆ ಬಿದ್ದಿತ್ತು. ಕಣ್ಣಿಗೆ ಹಬ್ಬ, ಆದರೆ ಆಗದ ಮಾತು. ಬಜಾರಿನ ಕಡೆಗಿರುವ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಅದರ ಮುಖದ ಮೇಲೆ ಬಿಸಿಲು ಬೀಳುವುದು ಬೆಳಿಗ್ಗೆ. ಸಂಜೆ ಸೂರ್ಯ ಗೋಪುರದ ಬೆನ್ನಿಗಿರುತ್ತಾನೆ, ಬೀದಿಯಲ್ಲಿ ನಿಂತವನಿಗೆ ಕಾಣುವುದು ಅದರ ಕಪ್ಪು ಆಕೃತಿ.

ಚೈತ್ರ ಹುಣ್ಣಿಮೆಯ ಹೊತ್ತಿಗೆ, ಅಂದರೆ ಏಪ್ರಿಲ್‌ನ ಆಸುಪಾಸು, ವಿರೂಪಾಕ್ಷನ ತೇರು. ಗೋಪುರ ಸುಮಾರು 50 ಮೀಟರ್ ಎತ್ತರ. ಸೂರ್ಯ ದಿಗಂತದಿಂದ 20 ಡಿಗ್ರಿ ಮೇಲಿದ್ದರೆ ಅದರ ನೆರಳು 137 ಮೀಟರ್ ಚಾಚುತ್ತದೆ, 10 ಡಿಗ್ರಿಗೆ ಇಳಿದರೆ 280 ಮೀಟರ್ ದಾಟುತ್ತದೆ. ಈ ನೆರಳು ಅವಳ ಬೀದಿಯಲ್ಲಿ ಇರಲೇ ಇಲ್ಲ. ಬ್ಲೆಂಡರ್‌ನಲ್ಲಿ ಊರಿನ ಅಕ್ಷಾಂಶ, ರೇಖಾಂಶ, ದಿನಾಂಕ, ಹೊತ್ತು ಕೊಟ್ಟರೆ ಸೂರ್ಯನನ್ನು ಅದೇ ಕೂರಿಸಿಕೊಡುತ್ತದೆ. ಎರಡು ನಿಮಿಷದ ಕೆಲಸ.

ಮಧ್ಯಾಹ್ನದ ಬಿಸಿಲಿಗೂ ನಮ್ಮಲ್ಲಿ ಬೇರೆಯೇ ಲೆಕ್ಕ. ಹಂಪಿ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ದಿನಗಳಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಜೂನ್‌ನಲ್ಲಂತೂ ನೆತ್ತಿಯಿಂದ ಉತ್ತರಕ್ಕೇ ಸರಿದಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಪುಣೆಯಲ್ಲೂ ಇದು ನಡೆಯುತ್ತದೆ, ದಿನ ಮಾತ್ರ ಬೇರೆ. ಯುರೋಪಿನ ಆಕಾಶದ ಫೋಟೊ ಹಾಕಿ ಬೆಳಗಿಸಿದ ಬೀದಿಯಲ್ಲಿ ಓರೆ ಬಿಸಿಲೇ ಇರುತ್ತದೆ. ಕಲಬುರಗಿ, ರಾಯಚೂರಿನವರಿಗೆ ಅದು ಹೇಗೆ ನಿಜ ಅನ್ನಿಸೀತು?

ಸೂರ್ಯ ಬೆನ್ನಿಗೆ ಹೋದರೆ ಬೀದಿಗೆ ಬೆಳಕು ಎಲ್ಲಿಂದ? ಅರ್ಧ ಆಕಾಶದಿಂದ, ಅರ್ಧ ಅಂಗಡಿಗಳಿಂದ. 2010ರ ಬಜಾರಿನಲ್ಲಿ ಹಳದಿ ಬಲ್ಬೂ ಇತ್ತು, ಬಿಳಿ ಸಿಎಫ್‌ಎಲ್ಲೂ ಇತ್ತು. ಒಂದು ಸುಮಾರು 2700 ಕೆಲ್ವಿನ್, ಇನ್ನೊಂದು 6500ರ ಹತ್ತಿರ. ಅಕ್ಕಪಕ್ಕದ ಎರಡು ಅಂಗಡಿಗಳಲ್ಲಿ ಎರಡು ಬಣ್ಣದ ಬೆಳಕು. ಇದು ಗೊತ್ತಾಗಲಿ ಎಂದು ಅವಳನ್ನು ಚಹಾದ ನೆಪದಲ್ಲಿ ಕೆಳಗೆ ಕರೆದುಕೊಂಡು ಹೋದೆ. ದತ್ತ ಮಂದಿರ ಚೌಕದ ಹತ್ತಿರ ಮುಸ್ಸಂಜೆ ಹೊತ್ತು. ಹಣ್ಣಿನ ಗಾಡಿಯವನ ಬಲ್ಬು ಸೇಬಿನ ಮೇಲೆ ಒಂದು ಬಣ್ಣ ಚೆಲ್ಲುತ್ತಿತ್ತು, ಪಕ್ಕದ ಮೆಡಿಕಲ್ ಶಾಪಿನ ಟ್ಯೂಬ್‌ಲೈಟು ಅವನ ಬೆನ್ನಿನ ಮೇಲೆ ಇನ್ನೊಂದು. ಚಹಾ ಮುಗಿಯುವವರೆಗೂ ಅವಳು ಮಾತಾಡಲಿಲ್ಲ, ಸುಮ್ಮನೆ ನೋಡುತ್ತಿದ್ದಳು.

ಮೂವತ್ತಾಳೆತ್ತರದ ಗೋಪುರ

ಮೂರನೆಯದು ಚೌಕಟ್ಟು. ಬೀದಿಯೆಲ್ಲ ಕಾಣಲಿ ಎಂದು ಅವಳು 18 ಮಿಲಿಮೀಟರ್ ಲೆನ್ಸ್ ಇಟ್ಟು, ಕ್ಯಾಮೆರಾವನ್ನು ಡ್ರೋನಿನ ಎತ್ತರಕ್ಕೆ ಏರಿಸಿದ್ದಳು. ಬಜಾರಿನ ಪೂರ್ವದ ತುದಿಯ ಏಕಶಿಲಾ ನಂದಿಯಿಂದ ಗೋಪುರಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋಮೀಟರ್. ಅಲ್ಲಿಂದ ಆ ಲೆನ್ಸಿನಲ್ಲಿ ಅಡ್ಡ ಚೌಕಟ್ಟಿನಲ್ಲಿ ನೋಡಿದರೆ 50 ಮೀಟರಿನ ಗೋಪುರ ಚಿತ್ರದ ಎತ್ತರದ ಇಪ್ಪತ್ತರಲ್ಲಿ ಒಂದು ಭಾಗ ಮಾತ್ರ. ಅದೇ ಜಾಗದಲ್ಲಿ 135 ಮಿಲಿಮೀಟರ್ ಲೆನ್ಸ್ ಇಟ್ಟರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ತುಂಬುತ್ತದೆ. ಮೂವತ್ತು ಜನರನ್ನು ಒಬ್ಬರ ತಲೆಯ ಮೇಲೊಬ್ಬರನ್ನು ನಿಲ್ಲಿಸಿದಷ್ಟು ಎತ್ತರ ಅದು. ಅದನ್ನು ಬೆಂಕಿಪೊಟ್ಟಣ ಮಾಡಬಾರದು.

ಕಣ್ಣೆತ್ತರಕ್ಕೆ ಇಳಿ, ತೇರಿಗೆ ಬಂದ ಹುಡುಗಿ ಎಲ್ಲಿ ನಿಂತಿದ್ದಳೋ ಅಲ್ಲಿ ನಿಲ್ಲು ಎಂದೆ. ನೋಡಿ ಕಲಿಯಲಿಕ್ಕೆ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯಲ್ಲಿ ತೆಗೆದ ಫೋಟೊಗಳನ್ನು ತೋರಿಸಿದೆ. ಅವನು ತೆಗೆದ ಜಾಗಗಳಲ್ಲೇ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಮತ್ತೆ ಕ್ಯಾಮೆರಾ ಇಟ್ಟರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಕಲ್ಲು ಹೇಗೆ ಬದಲಾಗುತ್ತದೆ ಎರಡೂ ತಿಳಿಯುತ್ತವೆ. ಅವಳ ಬೀದಿಯ ನಡುವಿನ ದೊಡ್ಡ ಖಾಲಿಯೂ ತಪ್ಪಲ್ಲ, ತೇರು ಎಳೆಯುವ ಬೀದಿ ಅಗಲವಾಗಿಯೇ ಇರಬೇಕು. ಆದರೆ ಆ ಖಾಲಿ ಯಾವುದಕ್ಕೆ ಎಂಬುದು ಚಿತ್ರದಲ್ಲಿ ಗೊತ್ತಾಗಬೇಕು.

ಬೀದಿಯಲ್ಲಿ ಯಾರಿದ್ದಾರೆ?

ಇಷ್ಟು ಹೊತ್ತು ಹೇಳಿದ್ದು ಕಸುಬು. ಇದಕ್ಕಿಂತ ದೊಡ್ಡದೊಂದು ಮಾತಿದೆ. 2010 ಎಂದು ಗಟ್ಟಿ ಮಾಡಿದ ಮೇಲೂ ಅವಳ ಎರಡನೇ ರೆಂಡರಿನಲ್ಲಿ ಮಂಟಪಗಳು ಖಾಲಿ ಇದ್ದವು. ಆಗ ಅವು ಖಾಲಿ ಇರಲಿಲ್ಲ. ಕಂಬಗಳ ನಡುವೆ ಗೋಡೆ ಎಬ್ಬಿಸಿ ಸಂಸಾರ ಹೂಡಿದವರಿದ್ದರು. ಖಾನಾವಳಿ, ಪುಸ್ತಕದಂಗಡಿ, ಕಾಯಿ-ಕರ್ಪೂರದ ಅಂಗಡಿಗಳಿದ್ದವು. 2011ರ ಜುಲೈನಲ್ಲಿ ಅವನ್ನು ತೆರವು ಮಾಡಲಾಯಿತು. ಮುಂದೆ ಪುನರ್ವಸತಿಗೆ ಗೊತ್ತಾದದ್ದು ಕಡ್ಡಿರಾಂಪುರ. ಸ್ಮಾರಕ ಉಳಿಯಬೇಕು ಎನ್ನುವವರ ಮಾತಿನಲ್ಲೂ ಸತ್ಯವಿದೆ, ಅನ್ನ ಹೋಯಿತು ಎನ್ನುವವರ ಮಾತಿನಲ್ಲೂ ಇದೆ. ಅದನ್ನು ತೀರ್ಮಾನಿಸುವುದು ರೆಂಡರಿನ ಕೆಲಸವಲ್ಲ. ಆದರೆ 2010 ಎಂದು ಹೆಸರಿಟ್ಟ ಚಿತ್ರದಲ್ಲಿ ಆ ಜನ ಇಲ್ಲದಿದ್ದರೆ ಅವರನ್ನು ನಾವು ಇನ್ನೊಮ್ಮೆ ತೆರವು ಮಾಡಿದ ಹಾಗೆ.

ಇದು ಹಂಪಿಗಷ್ಟೇ ಸೇರಿದ ವಿಷಯವಲ್ಲ. ನಾಳೆ ಒಂದು ರಸ್ತೆ ಹೀಗೆ ಆಗುತ್ತದೆ ಎಂದು ತೋರಿಸಲು ನಮ್ಮಂಥವರ ಬಳಿ ಚಿತ್ರ ಮಾಡಿಸುತ್ತಾರೆ. ಸಭೆಯಲ್ಲಿ ಒಪ್ಪಿಗೆ ಸಿಗುವುದು ಆ ಚಿತ್ರಕ್ಕೆ. ಅದರಲ್ಲಿ ಸೈಕಲ್ ತುಳಿಯುವ ಬಿಳಿ ಅಂಗಿಯವರು, ನಾಯಿ ಹಿಡಿದು ನಡೆಯುವವರು ಇರುತ್ತಾರೆ. ಹೂ ಮಾರುವವಳು, ಚಪ್ಪಲಿ ಹೊಲಿಯುವವನು ಇರುವುದು ಕಡಿಮೆ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾನೂನೇ ಬಂದಿದೆ. ಆದರೆ ಲೈಬ್ರರಿಯಲ್ಲಿ ಸಿಗುವ ಮಾದರಿ ಜನರಲ್ಲಿ ಅವರನ್ನು ಹುಡುಕಿ ತರಬೇಕು, ಇಲ್ಲವೇ ನಾವೇ ಮಾಡಬೇಕು. ಗಡುವು ಹತ್ತಿರವಿದ್ದಾಗ ಯಾರೂ ಮಾಡುವುದಿಲ್ಲ. ಚಿತ್ರದಲ್ಲಿ ಜಾಗವಿಲ್ಲದವರಿಗೆ ರಸ್ತೆಯಲ್ಲಿ ಜಾಗ ಕೇಳುವವರು ಯಾರು?

ಆ ಹುಡುಗಿ ಮೂರು ವಾರ ಕೂತು ಮತ್ತೆ ಮಾಡಿದಳು. ಬಲಗಡೆ ಸಾಲಿನಲ್ಲಿ ನೀಲಿ ಬಣ್ಣದ ಗೋಡೆ, ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿ, ಕೊಡ ಹಿಡಿದ ಹೆಂಗಸು, ಹಿಂದೆ ಕಪ್ಪು ಗೋಪುರ, ಬೀದಿಯ ಮೇಲೆ ಅದರ ಉದ್ದ ನೆರಳು. ತಾಡಪಾಲು ಮಾತ್ರ ಇನ್ನೂ ತಗಡಿನಂತೆ ಬಿಗಿಯಾಗಿ ಕಾಣುತ್ತಿತ್ತು, ಅದನ್ನೂ ಹೇಳಿದೆ. ಕೆಲಸ ಕಾಯಂ ಆಯಿತು. ಚಿತ್ರವನ್ನು ಅವ್ವನಿಗೆ ಕಳಿಸಿದಾಗ ಅವರು ಲೈಟಿಂಗ್ ಬಗ್ಗೆ ಏನೂ ಹೇಳಲಿಲ್ಲವಂತೆ. “ಇಲ್ಲೇ ನಾವು ಮಂಡಕ್ಕಿ ತಗೊಂಡಿದ್ವಿ” ಅಂದರಂತೆ.

ಹೊರರಾಜ್ಯದಲ್ಲಿರುವ ನಮಗೆಲ್ಲ ಊರಿನ ಒಂದೊಂದು ಬೀದಿ ಮನಸ್ಸಿನಲ್ಲಿರುತ್ತದೆ. ಮುಂದಿನ ಸಲ ಹೋದಾಗ ಸೆಲ್ಫಿಯ ಜೊತೆಗೆ ಆ ಬೀದಿಯ ಗೋಡೆ, ಕಟ್ಟೆ, ಬಾಗಿಲು, ಅಂಗಡಿಯ ಬೋರ್ಡುಗಳ ಫೋಟೊಗಳನ್ನೂ ತೆಗೆದುಕೊಳ್ಳಿ. ಮೋಡವಿದ್ದರೆ ಒಳ್ಳೆಯದು, ಗಡಸು ನೆರಳು ಬೀಳುವುದಿಲ್ಲ. ಒಂದು ಫೋಟೊದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವಂತೆ ಹೆಜ್ಜೆ ಹೆಜ್ಜೆಗೂ ಕ್ಲಿಕ್ಕಿಸಿದರೆ ಅದರಿಂದ ಮೂರು ಆಯಾಮದ ಮಾದರಿಯನ್ನೇ ಕಟ್ಟಬಹುದು. ಮೊಬೈಲೇ ಸಾಕು. ಅಲ್ಲಿ ಕೂತಿರುವವರನ್ನು ಒಂದು ಮಾತು ಕೇಳಿ, ಅವರದ್ದೂ ತೆಗೆಯಿರಿ. ಫೋಟೊದ ಹೆಸರಿನಲ್ಲಿ ವರ್ಷ ಬರೆದಿಡುವುದನ್ನು ಮರೆಯಬೇಡಿ.