ಕಾರಿನ ಕಳವು ನಿರೋಧಕ ದೀಪ: ಅದು ಹೇಳುವುದೇನು?

ಬೀಗ ಹಾಕಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಚಿಕ್ಕದೊಂದು ಕೆಂಪು ದೀಪವು ಮಿನುಗುತ್ತಿರುವುದನ್ನು ಬಹುಮಂದಿ ಗಮನಿಸಿರಬಹುದು. ಹೊಸದಾಗಿ ಕಾರು ಕೊಂಡವರು ಇದನ್ನು ಯಾವುದೋ ದೋಷದ ಸೂಚನೆಯೆಂದು ಭಾವಿಸಿ ಆತಂಕಪಡುವುದುಂಟು. ಬ್ಯಾಟರಿ ಬರಿದಾದೀತೆಂದು ಅದರ ತಂತಿಯನ್ನೇ ತೆಗೆಸಿಬಿಡುವವರೂ ಇದ್ದಾರೆ. ವಾಸ್ತವವಾಗಿ, ನಿಂತ ಕಾರಿನಲ್ಲಿ ಈ ದೀಪವು ಮಿನುಗುತ್ತಿದ್ದರೆ ರಕ್ಷಣಾ ವ್ಯವಸ್ಥೆಯು ಜಾಗೃತವಾಗಿದೆ ಎಂದರ್ಥ. ಅದು ಬಳಸುವ ವಿದ್ಯುತ್ತು ಅತ್ಯಲ್ಪ. ಸುಸ್ಥಿತಿಯಲ್ಲಿರುವ ಬ್ಯಾಟರಿಗೆ ಅದರಿಂದ ಬಾಧಕವಿಲ್ಲ.

ಇಲ್ಲಿ ಎರಡು ಸಾಧನಗಳನ್ನು ಬೇರ್ಪಡಿಸಿ ತಿಳಿಯಬೇಕು. ಮೊದಲನೆಯದಾದ ಅಲಾರಂ, ಬಾಗಿಲನ್ನೋ ಬಾನೆಟ್ಟನ್ನೋ ಬಲಾತ್ಕಾರವಾಗಿ ತೆರೆದಾಗ ಹಾರ್ನ್ ಮೊಳಗಿಸಿ ಇಂಡಿಕೇಟರ್ ದೀಪಗಳನ್ನು ಹೊತ್ತಿಸುತ್ತದೆ. ಅದು ಕೂಗಬಲ್ಲುದೇ ಹೊರತು ಕಾರನ್ನು ತಡೆಯಲಾರದು. ತಡೆಯುವ ಕೆಲಸ ಎರಡನೆಯದಾದ ಇಮೊಬಿಲೈಜರಿನದು. ಕೀಲಿಕೈಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಸೂಕ್ಷ್ಮ ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಇಗ್ನಿಷನ್ ಬೀಗದ ಸುತ್ತಲಿನ ತಂತಿಸುರುಳಿಯು ಹೊಮ್ಮಿಸುವ ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು ತನ್ನ ಗುಪ್ತಸಂಕೇತವನ್ನು ರವಾನಿಸುತ್ತದೆ. ಸಂಕೇತವು ತಾಳೆಯಾಗದಿದ್ದರೆ ಎಂಜಿನ್ ನಿಯಂತ್ರಕವು ಚಾಲನೆಗೆ ಅವಕಾಶ ನೀಡುವುದಿಲ್ಲ. ಆದುದರಿಂದ ಕೀಲಿಕೈಯ ಹಲ್ಲುಗಳನ್ನು ಯಥಾವತ್ತಾಗಿ ನಕಲು ಮಾಡಿದರೂ ಎಂಜಿನ್ ಓಡದು. ಯುರೋಪಿನ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ ಈ ಸಾಧನವು 1998ರಲ್ಲಿಯೇ ಕಡ್ಡಾಯವಾಯಿತು.

ಇಗ್ನಿಷನ್ ತಿರುಗಿಸಿದೊಡನೆ ಅದೇ ದೀಪದ ಅರ್ಥವು ತಿರುಗುಮುರುಗಾಗುತ್ತದೆ. ಸಾಮಾನ್ಯವಾಗಿ ಅದು ಕೆಲವು ಕ್ಷಣ ಬೆಳಗಿ ಆರಿಹೋಗಬೇಕು. ಆರದೆ ಮಿನುಗುತ್ತಲೇ ಇದ್ದರೆ ಕೀಲಿಕೈಯ ಗುರುತು ಸಿಕ್ಕಿಲ್ಲವೆಂದು ತಿಳಿಯಬೇಕು. ಆಗ ಎಂಜಿನ್ ಚಾಲೂ ಆಗುವುದಿಲ್ಲ, ಇಲ್ಲವೇ ಚಾಲೂ ಆಗಿ ಒಡನೆಯೇ ನಿಲ್ಲುತ್ತದೆ. ಇದಕ್ಕೆ ಕಾರಣ ಹಲವು ವೇಳೆ ಬಹಳ ಸರಳ. ಲೋಹದ ದಪ್ಪ ಬಳೆ ಅಥವಾ ಪಕ್ಕದಲ್ಲಿರುವ ಮತ್ತೊಂದು ಚಿಪ್ ಕೀಲಿಕೈ ಸಂಕೇತಕ್ಕೆ ಅಡ್ಡಿಯಾಗುತ್ತದೆ. ಮನೆಯ ಕೀಲಿಕೈಗಳನ್ನೆಲ್ಲ ಒಂದೇ ಗೊಂಚಲಿಗೆ ಪೋಣಿಸುವುದು ನಮ್ಮಲ್ಲಿ ರೂಢಿಯಷ್ಟೆ! ಇಗ್ನಿಷನ್ ಆರಿಸಿ, ಕಾರಿನ ಕೀಲಿಕೈಯನ್ನು ಬೇರ್ಪಡಿಸಿ ಪುನಃ ಪ್ರಯತ್ನಿಸಬೇಕು. ಫಲಿಸದಿದ್ದರೆ ಎರಡನೆಯ ಕೀಲಿಕೈಯನ್ನು ಬಳಸಿ ನೋಡಬೇಕು. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ರಿಮೋಟಿನ ಬ್ಯಾಟರಿ ಕುಗ್ಗಿದ್ದರೆ, ಅನೇಕ ಮಾದರಿಗಳಲ್ಲಿ ರಿಮೋಟನ್ನು ಆ ಗುಂಡಿಗೇ ತಾಗಿಸಿ ಹಿಡಿದರೆ ಸಾಕಾಗುತ್ತದೆ. ಸಂಕೇತಗಳು ಮಾದರಿಯಿಂದ ಮಾದರಿಗೆ ಭಿನ್ನವಾಗಿರುವುದರಿಂದ ಕಾರಿನೊಡನೆ ಬಂದ ಕೈಪಿಡಿಯನ್ನು ಒಮ್ಮೆಯಾದರೂ ಓದಿಕೊಂಡಿರುವುದು ಲೇಸು. ಇಮೊಬಿಲೈಜರನ್ನೇ ತಪ್ಪಿಸಿ ಕಾರು ಓಡುವಂತೆ ಮಾಡಿಕೊಡುವ ದಾರಿಬದಿಯ ರಿಪೇರಿಗೆ ಒಪ್ಪಬಾರದು; ಹಾಗೆ ಮಾಡಿದರೆ ಮಾಲೀಕರಿಗೆ ಆಗುವ ಅನುಕೂಲವೇ ಕಳ್ಳನಿಗೂ ಆಗುತ್ತದೆ.

ಬೀಗ ಹಾಕಿದ ಬಳಿಕ ದೀಪವು ಮಿನುಗದಿದ್ದಾಗಲೂ ಉಪೇಕ್ಷೆ ಸಲ್ಲದು. ಯಾವುದಾದರೂ ಬಾಗಿಲು ಅಥವಾ ಡಿಕ್ಕಿ ಪೂರ್ತಿ ಮುಚ್ಚಿರಲಿಕ್ಕಿಲ್ಲ, ರಿಮೋಟಿನ ಸಂಕೇತವು ಕಾರನ್ನು ತಲುಪದೆಯೂ ಇರಬಹುದು. ಬಾಗಿಲಿನ ಹಿಡಿಯನ್ನು ಎಳೆದು ನೋಡಿಯೇ ಹೊರಡಬೇಕು. ಪೇಟೆಯಲ್ಲಿ ದೊರೆಯುವ, ಕೇವಲ ಅಂಟಿಸುವ ಮಿನುಗುದೀಪಗಳು ಕಳ್ಳನನ್ನು ಕ್ಷಣಕಾಲ ಹಿಂಜರಿಯುವಂತೆ ಮಾಡಿಯಾವು. ಅವುಗಳ ಹಿಂದೆ ಯಾವ ರಕ್ಷಣೆಯೂ ಇರುವುದಿಲ್ಲ.

2002ರ ಮೋಟಾರು ವಿಮಾ ದರಪಟ್ಟಿಯು, ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಅನುಮೋದಿಸಿದ ಕಳವು ನಿರೋಧಕ ಸಾಧನಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 2.5ರಷ್ಟು, ಗರಿಷ್ಠ 500 ರೂ.ವರೆಗೆ ರಿಯಾಯಿತಿಯನ್ನು ಗೊತ್ತುಪಡಿಸಿತ್ತು. ತಮ್ಮ ಪಾಲಿಸಿಗೆ ಇಂತಹ ರಿಯಾಯಿತಿ ಅನ್ವಯಿಸುವುದೇ ಎಂದು ನವೀಕರಣದ ಸಮಯದಲ್ಲಿ ವಿಚಾರಿಸಬಹುದು. ಕಾರು ಕಳವಾದಲ್ಲಿ ವಿಮಾ ಕಂಪನಿಯು ಪೊಲೀಸ್ ದೂರಿನ ಪ್ರತಿಯೊಡನೆ ಮೂಲ ಕೀಲಿಕೈಗಳೆರಡನ್ನೂ ಕೇಳುವುದು ವಾಡಿಕೆ. ಎರಡನೆಯದನ್ನು ಕಾರಿನೊಳಗೇ ಇಡದೆ ಮನೆಯಲ್ಲಿ ಪ್ರತ್ಯೇಕವಾಗಿ ಕಾಪಾಡಿಕೊಳ್ಳತಕ್ಕದ್ದು.